ನಿಮಗಿದು ಗೊತ್ತೇ? ಮರ ಸಾಕಿದ್ದು, ನಾಯಿ ಕಂಡದ್ದು: ಟ್ರಫಲ್

ಇಟಲಿಯ ವಾಯವ್ಯದಲ್ಲಿ, ಆಲ್ಪ್ಸ್ ಪರ್ವತ ಇಳಿದಿಳಿದು ಗುಡ್ಡಗಳಾಗುವ ಕಡೆ ಪಿಯೆಮೊಂಟೆ ಎಂಬ ಸೀಮೆಯಿದೆ. ಆ ಹೆಸರಿನ ಅರ್ಥವೇ ಬೆಟ್ಟದ ಬುಡ. ನವೆಂಬರ್ ಬಂತೆಂದರೆ ಅಲ್ಲಿ ಕಣಿವೆ ತುಂಬ ಮಂಜು. ಕೋಳಿ ಕೂಗುವ ಮೊದಲೇ ಒಬ್ಬ ಅಜ್ಜ ನಾಯಿಯ ಜೊತೆ ಕಾಡಿಗೆ ಹೊರಡುತ್ತಾನೆ. ಕೈಯಲ್ಲೊಂದು ಪುಟ್ಟ ಗುದ್ದಲಿ, ಜೇಬಿನಲ್ಲಿ ಒಣರೊಟ್ಟಿಯ ಚೂರು. ಓಕ್ ಮರದಡಿ ನಾಯಿ ಮೂಗೂರಿ ಕೆರೆಯುತ್ತದೆ. ಅಜ್ಜ ಮಂಡಿಯೂರಿ, ಬೆರಳಿನಿಂದ ಮಣ್ಣು ಸರಿಸಿ, ನಿಂಬೆಹಣ್ಣಿನಷ್ಟು ದೊಡ್ಡ ಉಂಡೆಯೊಂದನ್ನು ಎತ್ತಿಕೊಳ್ಳುತ್ತಾನೆ. ನಾಯಿಗೆ ರೊಟ್ಟಿ ಸಿಗುತ್ತದೆ. ಆಮೇಲೆ ಆತ ತೆಗೆದ ಮಣ್ಣನ್ನೆಲ್ಲ ಮತ್ತೆ ಗುಂಡಿಗೆ ತುಂಬಿ, ಅಂಗೈಯಿಂದ ಒತ್ತಿ, ಮೇಲೆ ತರಗೆಲೆ ಹರಡಿ ಏಳುತ್ತಾನೆ.

ಟ್ರಫಲ್ ಎಂದರೆ ನಮ್ಮ ಕಿವಿಗೆ ಬೀಳುವುದು ಅದರ ಬೆಲೆ. ಆ ಬೆಲೆಯ ಹಿಂದೆ ಮರ, ಅಣಬೆ, ನಾಯಿ, ಮನುಷ್ಯ ನಾಲ್ವರೂ ಸೇರಿ ನಡೆಸುವ ಸಂಸಾರವಿದೆ. ಅದನ್ನು ಒಂದೊಂದಾಗಿ ನೋಡೋಣ ಬನ್ನಿ.

ಮಣ್ಣಿನೊಳಗಿನ ನಂಟು

1. ಮಣ್ಣು ಮೆತ್ತಿದ ಸಣ್ಣ ಆಲೂಗಡ್ಡೆಯಂತೆ ಕಂಡರೂ ಟ್ರಫಲ್ ಗಡ್ಡೆಯಲ್ಲ, ಬೇರೂ ಅಲ್ಲ. ನೆಲದ ಮೇಲೆ ಕೊಡೆ ಬಿಚ್ಚದೆ, ಮಣ್ಣಿನೊಳಗೇ ಮುದುಡಿಕೊಂಡು ಬಲಿಯುವ ಅಣಬೆ ಅದು. ಹಿಮಾಲಯದ ಗುಚ್ಚಿ ಅಣಬೆ ಇದರ ಹತ್ತಿರದ ಬಳಗ. ನಾವು ಪಲಾವಿಗೆ ಹಾಕುವ ಬಟನ್ ಅಣಬೆ ಬಲು ದೂರದ ನೆಂಟ.

2. ಟ್ರಫಲ್ ಒಂಟಿಯಾಗಿ ಬದುಕಲಾರದು. ಓಕ್, ಹೇಝಲ್, ಪಾಪ್ಲರ್, ವಿಲೋ, ಲಿಂಡನ್ ಮರಗಳ ಎಳೆಬೇರಿನ ತುದಿಗೆ ಅದರ ನೂಲಿನಂಥ ಎಳೆಗಳು ಒರೆಯಂತೆ ಸುತ್ತಿಕೊಳ್ಳುತ್ತವೆ. ಬೇರಿಗೆ ನುಸುಳಲಾಗದ ಸಂದಿಗಳಿಂದ ನೀರು, ರಂಜಕ ತಂದು ಮರಕ್ಕೆ ಕೊಡುತ್ತವೆ. ಮರ ತನ್ನ ಎಲೆಗಳಲ್ಲಿ ತಯಾರಿಸಿದ ಸಕ್ಕರೆಯಲ್ಲಿ ಇವಕ್ಕೂ ಪಾಲು ಕೊಡುತ್ತದೆ. ಮರ ಕಡಿದರೆ ಆ ಜಾಗದ ಟ್ರಫಲ್ ಕೂಡ ಹೋಯಿತು.

3. ಬೇರು–ಅಣಬೆಗಳ ಈ ಕೂಡುಬಾಳ್ವೆಗೆ ವಿಜ್ಞಾನದಲ್ಲಿ ‘ಮೈಕೊರೈಝಾ’ ಎಂದು ಹೆಸರು. ಆ ಪದ ಹುಟ್ಟಿದ್ದೇ ಟ್ರಫಲ್ ದೆಸೆಯಿಂದ! ಪ್ರಷ್ಯಾದ ಕಾಡುಗಳಲ್ಲಿ ಟ್ರಫಲ್ ಬೆಳೆಸುವ ದಾರಿ ಹುಡುಕಿ ಎಂದು ಸಸ್ಯವಿಜ್ಞಾನಿ ಆಲ್ಬರ್ಟ್ ಬರ್ನ್‌ಹಾರ್ಡ್ ಫ್ರಾಂಕ್ ಅವರಿಗೆ ಅಲ್ಲಿನ ಸರ್ಕಾರ ಕೆಲಸ ವಹಿಸಿತ್ತು. ಬೇರುಗಳನ್ನು ಅಗೆದು ನೋಡಿದ ಅವರು 1885ರಲ್ಲಿ ಈ ಪದವನ್ನು ಕಟ್ಟಿದರು. ಭೂಮಿಯ ಬಹುಪಾಲು ಗಿಡಮರಗಳು ಇಂಥ ನಂಟಿನಲ್ಲೇ ಬದುಕುತ್ತಿವೆ ಎಂಬ ತಿಳಿವಳಿಕೆ ಬೆಳೆದದ್ದು ಅಲ್ಲಿಂದಾಚೆಗೆ.

4. ಟ್ರಫಲ್‌ಗೆ ಇಷ್ಟು ಘಾಟು ಯಾಕೆ? ಬೇರೆ ಅಣಬೆಗಳು ತಮ್ಮ ಬೀಜಾಣುಗಳನ್ನು ಗಾಳಿಗೆ ತೂರುತ್ತವೆ. ಮಣ್ಣಿನಡಿ ಹೂತಿರುವ ಟ್ರಫಲ್‌ಗೆ ಗಾಳಿಯ ನೆರವಿಲ್ಲ. ಹಾಗಾಗಿ ಬಲಿತ ಕೂಡಲೇ ಪರಿಮಳ ಬೀರಿ ಕಾಡುಹಂದಿ, ಅಳಿಲು, ಇಲಿಗಳನ್ನು ಕರೆಯುತ್ತದೆ. ತಿಂದ ಪ್ರಾಣಿ ಬೇರೆಡೆ ಹಿಕ್ಕೆ ಹಾಕಿದಾಗ ಬೀಜಾಣು ಹೊಸ ಬೇರು ಸೇರುತ್ತದೆ. ಸಾವಿರಾರು ರೂಪಾಯಿ ಕೊಟ್ಟು ಮನುಷ್ಯ ಮೂಸುವ ಆ ಪರಿಮಳ ಕಾಡಿನ ಮೃಗಗಳಿಗೆ ಕೊಟ್ಟ ಕರೆಯೋಲೆ.

5. ಆ ವಾಸನೆ ಪೂರ್ತಿ ಟ್ರಫಲ್‌ನ ಸ್ವಂತದ್ದೂ ಅಲ್ಲ. ಅದರೊಳಗೆ ಬಿಡಾರ ಹೂಡಿರುವ ಬ್ಯಾಕ್ಟೀರಿಯಾಗಳೂ ಗಂಧಕ ಬೆರೆತ ಕೆಲವು ಸುವಾಸನೆಗಳನ್ನು ತಯಾರಿಸುತ್ತವೆ.

6. ಕಪ್ಪು ಟ್ರಫಲ್ ಇರುವ ಮರದ ಸುತ್ತ ಹುಲ್ಲು ಸರಿಯಾಗಿ ಬೆಳೆಯುವುದಿಲ್ಲ. ಬೆಂಕಿ ತಾಗಿದಂಥ ಬೋಳು ವರ್ತುಲ ಮೂಡುತ್ತದೆ. ಫ್ರಾನ್ಸಿನವರು ಅದನ್ನು ‘ಬ್ರೂಲೆ’, ಅಂದರೆ ಸುಟ್ಟದ್ದು ಎನ್ನುತ್ತಾರೆ. ಅಣಬೆ ಬಿಡುವ ರಾಸಾಯನಿಕಗಳು ಸುತ್ತಲಿನ ಹುಲ್ಲನ್ನು ಹತ್ತಿಕ್ಕುತ್ತವೆ. ಬಲ್ಲವರಿಗೆ ಅದೇ ಗುರುತು.

7. ಟ್ರಫಲ್‌ಗೂ ತಾಯಿ–ತಂದೆ ಉಂಟು. ಕಪ್ಪು ಟ್ರಫಲ್‌ನ ಸಂಪೂರ್ಣ ಜೀನೋಮ್ 2010ರಲ್ಲಿ ಪ್ರಕಟವಾಯಿತು. ಅದು ತನ್ನಷ್ಟಕ್ಕೇ ಫಲ ಕೊಡದು, ಎರಡು ಬೇರೆ ಬೇರೆ ಬಗೆಯ ಎಳೆಗಳು ಕೂಡಲೇಬೇಕು ಎಂಬುದು ಆಗ ಖಚಿತವಾಯಿತು. ಕೆಲವು ಮರಗಳ ಕೆಳಗೆ ಎಷ್ಟು ವರ್ಷ ಕಾದರೂ ಟ್ರಫಲ್ ಏಳದಿರುವುದಕ್ಕೆ ಇದೂ ಒಂದು ಕಾರಣ: ಅಲ್ಲಿ ಜೋಡಿಯೇ ಇಲ್ಲ.

8. ತಿನ್ನಲು ಮಾರಬಹುದಾದ 9 ಜಾತಿಯ ಟ್ರಫಲ್‌ಗಳನ್ನು ಇಟಲಿಯ ಕಾನೂನು ಹೆಸರಿಸಿದೆ. ಅವುಗಳಲ್ಲಿ ದೊರೆಗಳು ಎರಡು. ಒಂದು ಬಿಳಿಯದು, 1788ರಲ್ಲಿ ಟ್ಯೂರಿನ್ನಿನ ವಿಟ್ಟೋರಿಯೊ ಪೀಕೊ ಹೆಸರಿಟ್ಟ ಟ್ಯೂಬರ್ ಮ್ಯಾಗ್ನೇಟಮ್. ಇನ್ನೊಂದು ಕರಿಯದು, 1831ರಲ್ಲಿ ಕಾರ್ಲೊ ವಿಟ್ಟಾಡಿನಿ ಹೆಸರಿಟ್ಟ ಟ್ಯೂಬರ್ ಮೆಲನೋಸ್ಪೋರಮ್.

ಸಿಡಿಲು, ನಾಣ್ಯ, ಆಲೂಗಡ್ಡೆ

9. ಬೀಜವಿಲ್ಲ, ಬೇರಿಲ್ಲ, ಎಲೆಯಿಲ್ಲ. ಹಾಗಾದರೆ ಇದು ಹುಟ್ಟಿದ್ದಾದರೂ ಎಲ್ಲಿಂದ? ಹಳೆಯ ಗ್ರೀಕರು, ರೋಮನ್ನರು ಗುಡುಗಿನಿಂದ ಎಂದು ನಂಬಿದ್ದರು. ಗ್ರೀಕ್ ಲೇಖಕ ಪ್ಲುಟಾರ್ಕ್ ಈ ಪ್ರಶ್ನೆಯನ್ನು ಊಟದ ಹೊತ್ತಿನ ಚರ್ಚೆಯಾಗಿ ಬರೆದಿಟ್ಟಿದ್ದಾನೆ. ಗುಡುಗಿದರೆ ಅಣಬೆ ಏಳುತ್ತದೆ ಎಂದು ನಮ್ಮ ಮಲೆನಾಡಿನ ಅಜ್ಜಿಯರೂ ಹೇಳುತ್ತಾರಲ್ಲ! ಗುಡುಗಿನ ಬೆನ್ನಿಗೇ ಮಳೆ, ಮಳೆಯ ಬೆನ್ನಿಗೆ ಅಣಬೆ. ಕಣ್ಣಿಗೆ ಕಂಡ ಕ್ರಮವನ್ನು ಎರಡೂ ಕಡೆಯ ಜನ ಹಾಗೆಯೇ ನೆನಪಿಟ್ಟುಕೊಂಡರು.

10. ಸ್ಪೇನಿನಲ್ಲಿದ್ದ ರೋಮನ್ ಅಧಿಕಾರಿಯೊಬ್ಬ ಟ್ರಫಲ್ ಕಚ್ಚಿದಾಗ ಒಳಗಿದ್ದ ಬೆಳ್ಳಿ ನಾಣ್ಯ ತಗುಲಿ ಅವನ ಮುಂಹಲ್ಲು ಬಾಗಿತು ಎಂದು ರೋಮನ್ ಲೇಖಕ ಪ್ಲಿನಿ ಬರೆದಿದ್ದಾನೆ. ಮಣ್ಣೇ ಉಂಡೆಗಟ್ಟಿ ಟ್ರಫಲ್ ಆಗುತ್ತದೆ ಎನ್ನಲು ಅವನಿಗೆ ಅದೇ ಪುರಾವೆಯಾಯಿತು. ಬೆಳೆಯುವ ದಾರಿಯಲ್ಲಿ ಸಿಕ್ಕಿದ ಕಲ್ಲು, ಬೇರುಗಳನ್ನು ಟ್ರಫಲ್ ಅಪ್ಪಿಕೊಳ್ಳುವುದು ನಿಜ.

11. ಜರ್ಮನ್ ಭಾಷೆಯಲ್ಲಿ ಆಲೂಗಡ್ಡೆಗೆ ‘ಕಾರ್ಟೋಫೆಲ್’ ಎನ್ನುತ್ತಾರೆ. ಅದರ ಮೂಲ ಟ್ರಫಲ್‌ಗಿರುವ ಇಟಾಲಿಯನ್ ಹೆಸರು. ಅಮೆರಿಕ ಖಂಡದಿಂದ ಬಂದ ಹೊಸ ಗಡ್ಡೆ ಮಣ್ಣಿನೊಳಗಿನ ಹಳೆಯ ಉಂಡೆಯಂತೆಯೇ ಕಂಡದ್ದರಿಂದ ಹೆಸರನ್ನು ಎರವಲು ಪಡೆಯಿತು.

ಹಂದಿ ಹೋಯಿತು, ನಾಯಿ ಬಂತು

12. ಅಪೆನೈನ್ ಪರ್ವತಸಾಲಿನ ನಡುವೆ ನೋರ್ಚಾ ಎಂಬ ಊರಿದೆ. ಕಪ್ಪು ಟ್ರಫಲ್‌ಗೂ ಹಂದಿಮಾಂಸದ ಕಸುಬಿಗೂ ಹೆಸರುವಾಸಿ. ಇಟಲಿಯಲ್ಲಿ ಒಣಗಿಸಿದ ಹಂದಿಮಾಂಸದ ಅಂಗಡಿಗೆ ‘ನೋರ್ಚಿನೇರಿಯಾ’ ಎಂಬ ಹೆಸರು ಈ ಊರಿನಿಂದಲೇ ಬಂತು. 15ನೇ ಶತಮಾನದ ಲೇಖಕ ಪ್ಲಾಟಿನಾ ನೋರ್ಚಾದ ಹೆಣ್ಣು ಹಂದಿಗಳ ಜಾಣತನವನ್ನು ಕೊಂಡಾಡಿದ್ದಾನೆ. ಅವು ಟ್ರಫಲ್ ಇರುವ ಜಾಗ ತೋರಿಸುತ್ತಿದ್ದವಂತೆ; ಒಡೆಯ ಕಿವಿ ನೇವರಿಸಿದರೆ ತಿನ್ನದೆ ಬಿಟ್ಟುಕೊಡುತ್ತಿದ್ದವಂತೆ.

13. ಹೆಣ್ಣು ಹಂದಿಗೆ ಟ್ರಫಲ್ ಮೇಲೆ ಅಷ್ಟೊಂದು ಆಸೆ ಏಕೆ? ಗಂಡು ಹಂದಿಯ ಜೊಲ್ಲಿನಲ್ಲಿರುವ ಆಂಡ್ರೊಸ್ಟೆನಾಲ್ ಎಂಬ ವಸ್ತು ಟ್ರಫಲ್‌ನಲ್ಲೂ ಇದೆ ಎಂದು 1981ರಲ್ಲಿ ಜರ್ಮನ್ ವಿಜ್ಞಾನಿಗಳು ತೋರಿಸಿದಾಗ ಉತ್ತರ ಸಿಕ್ಕಿತೆಂದೇ ಎಲ್ಲರೂ ಭಾವಿಸಿದರು. 1990ರಲ್ಲಿ ಫ್ರೆಂಚ್ ಸಂಶೋಧಕರು ಬೇರೆ ಬೇರೆ ವಾಸನೆಗಳನ್ನು ಮಣ್ಣಿನಲ್ಲಿ ಹೂತು ಪರೀಕ್ಷಿಸಿದರು. ಆಂಡ್ರೊಸ್ಟೆನಾಲ್ ಕಡೆಗೆ ಪ್ರಾಣಿಗಳು ತಿರುಗಿಯೂ ನೋಡಲಿಲ್ಲ. ಹಂದಿಯನ್ನೂ ನಾಯಿಯನ್ನೂ ಎಳೆದು ತಂದದ್ದು ಡೈಮಿಥೈಲ್ ಸಲ್ಫೈಡ್ ಎಂಬ ಗಂಧಕದ ವಾಸನೆ.

14. ಹಂದಿಗೆ ಕಲಿಸಬೇಕಾಗಿಲ್ಲ, ಹುಟ್ಟಿನಿಂದಲೇ ಬಲ್ಲದು. ಆದರೆ ಸಿಕ್ಕಿದ್ದನ್ನು ತಾನೇ ನುಂಗುತ್ತದೆ, ಮೂತಿಯಿಂದ ನೆಲವನ್ನು ಉತ್ತಂತೆ ಬಗೆದು ಬೇರು ಹರಿಯುತ್ತದೆ. 1985ರ ಕಾನೂನಿನಿಂದ ಇಟಲಿಯಲ್ಲಿ ಟ್ರಫಲ್ ಹುಡುಕಾಟಕ್ಕೆ ಹಂದಿ ನಿಷಿದ್ಧ. ನಾಯಿಗೆ ಮಾತ್ರ ಅವಕಾಶ.

15. ಟ್ರಫಲ್ ಹುಡುಕುವುದಕ್ಕೆಂದೇ ಮಾನ್ಯತೆ ಪಡೆದ ನಾಯಿ ತಳಿ ಲಗೊಟ್ಟೊ ರೊಮಾನ್ಯೋಲೊ. ಮೈತುಂಬ ಗುಂಗುರು ಕೂದಲು. ಇದರ ಪೂರ್ವಜರು ಕಾಡಿನವರಲ್ಲ, ನೀರಿನವರು! ಆಡ್ರಿಯಾಟಿಕ್ ಕರಾವಳಿಯ ಜೌಗಿನಲ್ಲಿ ಬೇಟೆಗಾರರು ಹೊಡೆದ ಬಾತುಗಳನ್ನು ಈಜಿ ತರುತ್ತಿದ್ದವು. ಜೌಗನ್ನು ಬತ್ತಿಸಿ ಹೊಲ ಮಾಡಿದಾಗ ಆ ಕೆಲಸ ತಪ್ಪಿತು. ಹೊಸ ಕೆಲಸವನ್ನು ಬೆಟ್ಟ ಕೊಟ್ಟಿತು. ಅಂತರರಾಷ್ಟ್ರೀಯ ಶ್ವಾನ ಒಕ್ಕೂಟದ ಪೂರ್ಣ ಮಾನ್ಯತೆ ಸಿಕ್ಕಿದ್ದು 2005ರಲ್ಲಿ.

16. ಆದರೂ ಪಿಯೆಮೊಂಟೆಯ ಹಳಬರಿಗೆ ತಳಿಗಿಂತ ಮೂಗು ಮುಖ್ಯ. ಅವರ ಆಡುಮಾತಿನಲ್ಲಿ ‘ತಬೂಯ್’ ಎಂದರೆ ಜಾತಿ ಗೊತ್ತಿಲ್ಲದ ಬೆರಕೆ ನಾಯಿ. ಎಷ್ಟೋ ಮನೆಗಳ ಸಂಸಾರ ನಡೆಸಿದ್ದು ಅಂಥ ತಬೂಯ್‌ಗಳೇ.

17. ನಾಯಿಗಳಿಗೊಂದು ವಿಶ್ವವಿದ್ಯಾಲಯವಿದೆ! ಪಿಯೆಮೊಂಟೆಯ ಆಲ್ಬಾ ಪಟ್ಟಣದ ಪಕ್ಕದ ರೊದ್ದಿ ಎಂಬ ಹಳ್ಳಿಯಲ್ಲಿ 1880ರಲ್ಲಿ ಆಂಟೋನಿಯೊ ಮೊಂಕಿಯೆರೊ ಟ್ರಫಲ್ ನಾಯಿಗಳ ಶಾಲೆ ತೆರೆದ. ಸದಾ ಊರುಗೋಲು ಹಿಡಿದಿರುತ್ತಿದ್ದರಿಂದ ಜನ ಅವನನ್ನು ‘ಬರೋಟ್’, ಅಂದರೆ ಕೋಲಿನವ ಎಂದೇ ಕರೆದರು. ಆ ಮನೆತನ ವಿದ್ಯೆಯನ್ನು ತಲೆಮಾರಿನಿಂದ ತಲೆಮಾರಿಗೆ ದಾಟಿಸಿಕೊಂಡು ಬಂತು.

18. ಪಾಠ ಶುರುವಾಗುವುದು ಆಟದಿಂದ. ಮೊದಲು ಘಾಟಿನ ಗಿಣ್ಣಿನ ಚೂರನ್ನು ಬಚ್ಚಿಟ್ಟು ಹುಡುಕಿಸುತ್ತಾರೆ. ಆಮೇಲೆ ಬಟ್ಟೆಯಲ್ಲಿ ಸುತ್ತಿದ ಟ್ರಫಲ್ ಚೂರು. ಬಳಿಕ ಅದನ್ನು ಹುಲ್ಲಿನಲ್ಲಿ, ತರಗೆಲೆಯಡಿ, ಕೊನೆಗೆ ಮಣ್ಣಿನಲ್ಲಿ ಹೂಳುತ್ತಾರೆ. ಪ್ರತಿ ಸಲವೂ ಬಹುಮಾನ ಉಂಟು. ಬೈದರೆ, ಹೊಡೆದರೆ ನಾಯಿ ಆಟವನ್ನೇ ಬಿಡುತ್ತದೆ. ಹಾಗಾಗಿ ಒಳ್ಳೆಯ ಗುರುವಿಗೆ ಬೇಕಾದದ್ದು ತಾಳ್ಮೆ.

19. ನಾಯಿಯೂ ಇಲ್ಲ, ಹಂದಿಯೂ ಇಲ್ಲ ಎನ್ನುವವರಿಗೆ ನೊಣವಿದೆ. ಟ್ರಫಲ್ ಮೇಲೆ ಮೊಟ್ಟೆಯಿಡುವ ಒಂದು ಜಾತಿಯ ನೊಣ ಅದು ಇರುವ ಜಾಗದ ನೆಲಕ್ಕೆ ಅಂಟಿಕೊಂಡಂತೆ ಕೂರುತ್ತದೆ. ಕಡ್ಡಿಯಿಂದ ಮೆಲ್ಲಗೆ ಸವರುತ್ತಾ ಹೋಗಿ, ನೊಣ ಎದ್ದ ಕಡೆ ಅಗೆಯುವವರು ಫ್ರಾನ್ಸಿನ ಪ್ರೊವಾನ್ಸ್‌ನಲ್ಲಿ ಇಂದಿಗೂ ಇದ್ದಾರೆ.

ಗುಟ್ಟು ಮತ್ತು ಕಟ್ಟಲೆ

20. ಟ್ರಫಲ್ ಹುಡುಕುವವನಿಗೆ ಇಟಾಲಿಯನ್ನಿನಲ್ಲಿ ‘ತಾರ್ತುಫಾಯೊ’, ಪಿಯೆಮೊಂಟೆಯ ಮಾತಿನಲ್ಲಿ ‘ತ್ರಿಫೊಲಾವ್’ ಎಂದು ಹೆಸರು. ಬೇಕೆನಿಸಿದವರೆಲ್ಲ ಆಗುವಂತಿಲ್ಲ. ವಯಸ್ಸು ಕನಿಷ್ಠ 14 ಆಗಿರಬೇಕು, ಪರೀಕ್ಷೆ ಪಾಸಾಗಬೇಕು, ಪರವಾನಗಿ ಪಡೆಯಬೇಕು.

21. ಕಾಡು ಮತ್ತು ಪಾಳುಭೂಮಿಯಲ್ಲಿ ಪರವಾನಗಿ ಇದ್ದವರು ಯಾರು ಬೇಕಾದರೂ ಹುಡುಕಬಹುದು. ಕಾಡಿನ ಟ್ರಫಲ್ ಕಂಡವನಿಗೆ ಸೇರಿದ್ದು. ಹಾಗಾಗಿ ಯಾವ ಮರ, ಯಾವ ವಾರ ಎಂಬ ತಿಳಿವಳಿಕೆಯೇ ಅಲ್ಲಿನ ನಿಜವಾದ ಆಸ್ತಿ. ಅಜ್ಜ ಅದನ್ನು ಮೊಮ್ಮಗನಿಗೆ ಕಾಡಿನಲ್ಲಿ ನಡೆಸಿಕೊಂಡು ಹೋಗಿ ತೋರಿಸುತ್ತಾನೆ.

22. ಪಿಯೆಮೊಂಟೆಯಲ್ಲಿ ರಾತ್ರಿ ಹುಡುಕಾಟಕ್ಕೂ ಅವಕಾಶವಿದೆ. ಕತ್ತಲಲ್ಲಿ ಹೋದರೆ ಜಾಗ ಬೇರೆಯವರ ಕಣ್ಣಿಗೆ ಬೀಳುವುದಿಲ್ಲ. ಸದ್ದುಗದ್ದಲ ಕಡಿಮೆಯಾದ್ದರಿಂದ ನಾಯಿಯ ಗಮನವೂ ಚದುರುವುದಿಲ್ಲ.

23. ಈ ಪೈಪೋಟಿಗೆ ಕರಾಳ ಮುಖವೂ ಇದೆ. ಬೇರೆಯವರ ನಾಯಿ ತಮ್ಮ ಜಾಗಕ್ಕೆ ಬರಬಾರದೆಂದು ಮಾಂಸದುಂಡೆಯಲ್ಲಿ ವಿಷವಿಟ್ಟು ಕಾಡಿನಲ್ಲಿ ಎಸೆಯುವವರಿದ್ದಾರೆ. ಅದಕ್ಕೆ ಬಲಿಯಾದ ನಾಯಿಗಳು ಎಷ್ಟೋ. ಇಂಥ ವಿಷವನ್ನು ಮೂಸಿ ಪತ್ತೆ ಮಾಡಲೆಂದೇ ಇಟಲಿಯ ಅರಣ್ಯ ಪೊಲೀಸರು ಬೇರೆ ನಾಯಿದಳಗಳನ್ನು ಸಾಕಿದ್ದಾರೆ. ನಾಯಿಯನ್ನು ಮನೆಮಗುವಿನಂತೆ ಬೆಳೆಸಿದವನಿಗೆ ಈ ನೋವನ್ನು ಯಾವ ಬೆಲೆಯೂ ತುಂಬಿಕೊಡದು.

24. ಸಿಕ್ಕ ಸಲಕರಣೆಯಿಂದ ಅಗೆಯುವಂತಿಲ್ಲ. ಕಾನೂನು ಒಪ್ಪುವುದು ಪುಟ್ಟ ಗುದ್ದಲಿ ಅಥವಾ ಕಿರಿದಾದ ಕೈಸನಿಕೆಯನ್ನು ಮಾತ್ರ. ಅದೂ ನಾಯಿ ಗುರುತಿಸಿದ ಜಾಗದಲ್ಲಿ. ಕುಂಟೆ ಹೊಡೆದಂತೆ ಕಾಡಿನ ನೆಲ ಕೆದಕುವುದು ಅಪರಾಧ.

25. ಮರದ ಒಡೆಯನಿಗೂ ಪಾಲುಂಟು. ಟ್ರಫಲ್ ಕೊಡುವ ಮರವನ್ನು ಕಡಿಯದೆ ಕಾಪಾಡಿ, ಹುಡುಕುವವರಿಗೆ ದಾರಿ ಬಿಟ್ಟ ಜಮೀನುದಾರನಿಗೆ ಪಿಯೆಮೊಂಟೆಯ ಆಡಳಿತ ಮರದ ಲೆಕ್ಕದಲ್ಲಿ ವರ್ಷಾವರ್ಷ ಹಣ ಕೊಡುವ ಏರ್ಪಾಡು ಮಾಡಿದೆ. ಮರವನ್ನು ನಿಂತಿರುವಾಗಲೇ ಲಾಭವಾಗಿಸುವ ಈ ಬುದ್ಧಿ ನಮ್ಮ ಕಾಡಂಚಿನ ಊರುಗಳಿಗೂ ಬೇಕಾದದ್ದು.

26. 2021ರ ಡಿಸೆಂಬರ್‌ನಲ್ಲಿ ಇಟಲಿಯ ಟ್ರಫಲ್ ಹುಡುಕಾಟದ ಪಾರಂಪರಿಕ ವಿದ್ಯೆ ಯುನೆಸ್ಕೊದ ಅಮೂರ್ತ ಪರಂಪರೆಯ ಪಟ್ಟಿ ಸೇರಿತು. ಗೌರವ ಸಂದದ್ದು ಟ್ರಫಲ್‌ಗಲ್ಲ. ಮಣ್ಣು, ಹವೆ, ಗಿಡಮರ ಓದಬಲ್ಲ, ನಾಯಿಯೊಡನೆ ಮಾತಾಡಬಲ್ಲ, ಕಥೆ–ಗಾದೆಗಳ ಮೂಲಕ ದಾಟಿಬಂದ ತಿಳಿವಳಿಕೆಗೆ.

ಸಂತೆ, ಹರಾಜು, ಉಡುಗೊರೆ

27. 18ನೇ ಶತಮಾನದಲ್ಲಿ ಟ್ಯೂರಿನ್ನಿನ ಅರಮನೆಗೆ ಬಂದ ವಿದೇಶಿ ಅತಿಥಿಗಳಿಗೆ ಟ್ರಫಲ್ ಹುಡುಕಾಟ ಒಂದು ಮನರಂಜನೆಯಾಗಿತ್ತು. ಮುಂದೆ ಇಟಲಿಯ ಏಕೀಕರಣಕ್ಕೆ ದುಡಿದ ಕಾವೂರ್ ರಾಜತಾಂತ್ರಿಕ ಸ್ನೇಹಕ್ಕೆ ಟ್ರಫಲ್ ಉಡುಗೊರೆಯನ್ನು ಬಳಸಿಕೊಂಡ.

28. ಆಲ್ಬಾದ ಟ್ರಫಲ್‌ಗೆ ಜಗತ್ತಿನ ಹೆಸರು ತಂದವನು ಅಲ್ಲಿನ ಹೋಟೆಲ್ ಮಾಲೀಕ ಜಾಕೊಮೊ ಮೊರ್ರಾ. 1929ರಲ್ಲಿ ಊರಿನ ಸುಗ್ಗಿಹಬ್ಬದ ಜೊತೆಗೆ ಟ್ರಫಲ್ ಮೇಳ ಬೆಳೆಯಿತು. ಆಮೇಲೆ ಪ್ರತಿವರ್ಷದ ಒಳ್ಳೆಯ ಟ್ರಫಲ್ ಒಂದನ್ನು ಆತ ಲೋಕಪ್ರಸಿದ್ಧರಿಗೆ ಕಳಿಸತೊಡಗಿದ. 1949ರಲ್ಲಿ ನಟಿ ರೀಟಾ ಹೇವರ್ತ್, 1951ರಲ್ಲಿ ಅಮೆರಿಕದ ಅಧ್ಯಕ್ಷ ಟ್ರೂಮನ್. ಗುಡ್ಡಗಾಡಿನ ಪಟ್ಟಣದ ಹೆಸರು ಪತ್ರಿಕೆಗಳ ಮುಖಪುಟಕ್ಕೆ ಬಂತು.

29. ನ್ಯೂಟೆಲ್ಲಾ ಹುಟ್ಟಿದ್ದೂ ಇದೇ ಆಲ್ಬಾದಲ್ಲಿ. ಅದನ್ನು ತಯಾರಿಸುವ ಫೆರೆರೊ ಕಂಪನಿ 1946ರಲ್ಲಿ ಅಲ್ಲಿ ಶುರುವಾಯಿತು. ಅದರ ಮೊದಲ ಸಿಹಿಗೆ ಬಲ ಕೊಟ್ಟದ್ದು ಸುತ್ತಲಿನ ಗುಡ್ಡಗಳ ಹೇಝಲ್ ಕಾಯಿ. ಟ್ರಫಲ್ ಅಪ್ಪಿಕೊಳ್ಳುವ ಮರಗಳಲ್ಲಿ ಹೇಝಲ್ ಕೂಡ ಒಂದು ಎಂಬುದು ನೆನಪಿರಲಿ.

30. ಆಲ್ಬಾ ಬಳಿಯ ಗ್ರಿಂಜಾನೆ ಕಾವೂರ್ ಕೋಟೆಯಲ್ಲಿ 1999ರಿಂದ ಬಿಳಿ ಟ್ರಫಲ್‌ನ ಹರಾಜು ನಡೆಯುತ್ತಿದೆ. ಬಂದ ಹಣ ದಾನಕ್ಕೆ.

31. ದೊಡ್ಡದಾದಷ್ಟೂ ದುಬಾರಿ ಎಂಬ ಲೆಕ್ಕ ಹರಾಜಿನಲ್ಲಿ ನಡೆಯದು. 2007ರಲ್ಲಿ ಟಸ್ಕನಿಯ ಸುಮಾರು 1.5 ಕಿಲೋ ತೂಕದ ಬಿಳಿ ಟ್ರಫಲ್ ಒಂದಕ್ಕೆ ಮಕಾವ್‌ನ ಉದ್ಯಮಿ ಸ್ಟ್ಯಾನ್ಲಿ ಹೋ 3,30,000 ಡಾಲರ್ ಕೊಟ್ಟರು. 2014ರಲ್ಲಿ ಅದಕ್ಕಿಂತ ದೊಡ್ಡದು, 1.89 ಕಿಲೋದ್ದು, ನ್ಯೂಯಾರ್ಕ್‌ನಲ್ಲಿ 61,250 ಡಾಲರಿಗೆ ಹೋಯಿತು. ಹಿಂದಿನ ದರದ ಐದನೇ ಒಂದು ಭಾಗವೂ ಅಲ್ಲ!

32. 2004ರಲ್ಲಿ ಲಂಡನ್ನಿನ ಹೋಟೆಲೊಂದಕ್ಕೆ ಬಂದ 28,000 ಪೌಂಡ್ ಬೆಲೆಯ ಟ್ರಫಲ್, ಮುಖ್ಯ ಬಾಣಸಿಗ ಊರಲ್ಲಿಲ್ಲದ ಕೆಲವೇ ದಿನಗಳಲ್ಲಿ ಫ್ರಿಜ್ಜಿನೊಳಗೇ ಕೊಳೆತುಹೋಯಿತು. ಮಣ್ಣಿನಿಂದ ಹೊರಬಂದ ಬಿಳಿ ಟ್ರಫಲ್ ದಿನದಿನಕ್ಕೆ ತೂಕವನ್ನೂ ಪರಿಮಳವನ್ನೂ ಕಳೆದುಕೊಳ್ಳುತ್ತದೆ. ಒಂದು ವಾರ ಉಳಿದರೆ ದೊಡ್ಡದು.

ಆಲ್ಪ್ಸ್‌ನ ಆಚೆ ಮಗ್ಗುಲು

33. ಫ್ರಾನ್ಸಿನ ವೋಕ್ಲೂಸ್ ಬೆಟ್ಟಗಳ ತಪ್ಪಲಲ್ಲಿ ಸುಮಾರು 1810ರಲ್ಲಿ ಝೋಸೆಫ್ ತಾಲೊಂ ಎಂಬ ರೈತ ಓಕ್ ಕಾಯಿಗಳನ್ನು ಬಿತ್ತಿದ. ಕೆಲವು ವರ್ಷ ಕಳೆದು ನೋಡಿದರೆ ಆ ಸಸಿಗಳ ಬುಡದಲ್ಲಿ ಟ್ರಫಲ್! ಮರ ನೆಟ್ಟು ಅಣಬೆ ಪಡೆಯುವ ಕೃಷಿ ಹೀಗೆ ಶುರುವಾಯಿತು.

34. ಅದೇ ಸೀಮೆಯ ವಾಂಟೂ ಪರ್ವತ ಹಡಗಿನ ಮರಕ್ಕೂ ಕುರಿ ಮೇವಿಗೂ ಬಲಿಯಾಗಿ ಬೋಳಾಗಿತ್ತು. 1860ರ ದಶಕದಲ್ಲಿ ಅಲ್ಲಿ ಮತ್ತೆ ಕಾಡು ಬೆಳೆಸುವ ಕೆಲಸ ನಡೆಯಿತು. ನೆಟ್ಟ ಓಕ್‌ಗಳ ಜೊತೆ ಟ್ರಫಲ್ ಕೂಡ ಮರಳಿತು.

35. 19ನೇ ಶತಮಾನದ ಕೊನೆಗೆ ಫಿಲಾಕ್ಸೆರಾ ಎಂಬ ಹೇನು ಫ್ರಾನ್ಸಿನ ದ್ರಾಕ್ಷಿ ತೋಟಗಳನ್ನು ಒಣಗಿಸಿತು. ಹಾಳಾದ ತೋಟಗಳಲ್ಲಿ ರೈತರು ಓಕ್ ನೆಟ್ಟರು, ಟ್ರಫಲ್ ಬೆಳೆ ಉತ್ತುಂಗಕ್ಕೇರಿತು. ಆಮೇಲೆ ಬಂದದ್ದು ಮೊದಲ ಮಹಾಯುದ್ಧ. ಹಳ್ಳಿಯ ಎಷ್ಟೋ ಗಂಡಸರು ರಣರಂಗದಿಂದ ಮರಳಲಿಲ್ಲ. ಅವರ ಜೊತೆಗೇ ಮರದ ಗುಟ್ಟುಗಳೂ ಮಣ್ಣಾದವು.

36. ರಿಶರಾಂಶ್ ಎಂಬ ಹಳ್ಳಿಯ ಚರ್ಚಿನಲ್ಲಿ ಜನವರಿಯ ಮೂರನೇ ಭಾನುವಾರ ಟ್ರಫಲ್ ಪೂಜೆ ನಡೆಯುತ್ತದೆ. ಕಾಣಿಕೆ ತಟ್ಟೆಗೆ ಭಕ್ತರು ಹಾಕುವುದು ಟ್ರಫಲ್. ಪೂಜೆ ಮುಗಿದ ಮೇಲೆ ಅವನ್ನು ಹರಾಜು ಹಾಕಿ, ಬಂದ ಹಣವನ್ನು ಚರ್ಚಿನ ಖರ್ಚಿಗೆ ಬಳಸುತ್ತಾರೆ. ಮೊದಲ ಫಸಲನ್ನು ದೇವರಿಗೆ ಒಪ್ಪಿಸಿ, ಆಮೇಲೆ ಸವಾಲು ಕೂಗುವ ನಮ್ಮ ಊರಹಬ್ಬಗಳು ನೆನಪಾಗುತ್ತವೆ ಅಲ್ಲವೇ?

ಅಡುಗೆಮನೆಯಲ್ಲಿ

37. ಬಿಳಿ ಟ್ರಫಲ್ ಬೇಯಿಸುವ ವಸ್ತುವಲ್ಲ. ಬಿಸಿ ಹೆಚ್ಚಾದರೆ ಪರಿಮಳವೇ ಹಾರಿಹೋಗುತ್ತದೆ. ಬಿಸಿ ಊಟದ ಮೇಲೆ, ಬಡಿಸುವ ಹೊತ್ತಿಗೆ, ಕಾಗದದಷ್ಟು ತೆಳುವಾಗಿ ಹೆರೆಯಬೇಕು. ಆಲ್ಬಾದವರು ‘ತಾಯರಿನ್’ ಎಂಬ ಮೊಟ್ಟೆ ಶಾವಿಗೆಯ ಮೇಲೆ, ಇಲ್ಲವೇ ಬರೀ ಹುರಿದ ಮೊಟ್ಟೆಯ ಮೇಲೆ ಹಾಕುತ್ತಾರೆ. ಕಪ್ಪು ಟ್ರಫಲ್ ಮಾತ್ರ ಹದವಾದ ಬಿಸಿಯನ್ನು ತಾಳಿಕೊಳ್ಳುತ್ತದೆ.

38. ಡಬ್ಬಿಯಲ್ಲಿ ಟ್ರಫಲ್ ಜೊತೆ ಹಸಿ ಮೊಟ್ಟೆ ಇಟ್ಟು ಮುಚ್ಚಿದರೆ, ಚಿಪ್ಪಿನ ಸೂಕ್ಷ್ಮ ರಂಧ್ರಗಳ ಮೂಲಕ ಪರಿಮಳ ಒಳಗಿಳಿಯುತ್ತದೆ. ಮಾರನೆಯ ದಿನದ ಆಮ್ಲೆಟ್‌ಗೆ ಟ್ರಫಲ್ ಹಾಕದಿದ್ದರೂ ಅದರ ಘಮ ಇರುತ್ತದೆ.

39. ಅಂಗಡಿಯ ‘ಟ್ರಫಲ್ ಎಣ್ಣೆ’ಯ ಬಹುಪಾಲು ಶೀಶೆಗಳಲ್ಲಿ ಟ್ರಫಲ್‌ಗಿಂತ ಪ್ರಯೋಗಾಲಯದ ಕೆಲಸವೇ ಹೆಚ್ಚು. ಬಿಳಿ ಟ್ರಫಲ್‌ನ ಮುಖ್ಯ ವಾಸನೆಯ ಒಂದೇ ಒಂದು ಅಣುವನ್ನು ಕೃತಕವಾಗಿ ತಯಾರಿಸಿ ಎಣ್ಣೆಗೆ ಬೆರೆಸುತ್ತಾರೆ. ನಿಜವಾದ ಟ್ರಫಲ್‌ನಲ್ಲಿ ಅಂಥ ಹತ್ತಾರು ವಾಸನೆಗಳು ಒಂದರೊಳಗೊಂದು ಹೆಣೆದುಕೊಂಡಿರುತ್ತವೆ.

ನಮ್ಮ ನೆಲದ ನೆಂಟರು

40. ಹಿಮಾಲಯದಲ್ಲೂ ಟ್ರಫಲ್ ಉಂಟು. ಮಸ್ಸೂರಿಯಲ್ಲಿ ಸಿಕ್ಕ ಮಾದರಿಯನ್ನು ನೋಡಿ 1892ರಲ್ಲಿ ವಿಜ್ಞಾನಿಗಳು ಅದಕ್ಕೆ ‘ಟ್ಯೂಬರ್ ಇಂಡಿಕಮ್’, ಅಂದರೆ ಭಾರತದ ಟ್ರಫಲ್ ಎಂದೇ ಹೆಸರಿಟ್ಟರು. ಇದೇ ಬಳಗದ ಟ್ರಫಲ್ ಇಂದು ಚೀನಾದ ಬೆಟ್ಟಗಳಿಂದ ಯುರೋಪಿಗೆ ರಫ್ತಾಗುತ್ತದೆ. ಪರಿಮಳ ಕಡಿಮೆ, ರೂಪ ಮಾತ್ರ ಯುರೋಪಿನ ಕಪ್ಪು ಟ್ರಫಲ್‌ನಂತೆಯೇ. ಪಿಯೆಮೊಂಟೆಯ ಒಂದು ತೋಟದಲ್ಲಿ ಅದು ಬೇರುಬಿಟ್ಟಿರುವುದು 2008ರಲ್ಲಿ ವರದಿಯಾದಾಗ ಅಲ್ಲಿನವರಿಗೆ ಚಿಂತೆಯಾಯಿತು.

41. ಕಾರ್ಕಳ, ಬೆಳ್ತಂಗಡಿ, ಉಡುಪಿಯ ಕಡೆಯವರಿಗೆ ಇಷ್ಟೆಲ್ಲ ಓದುವಾಗ ಕಲ್ಲಣಬೆ ನೆನಪಾಗದೆ ಇರದು. ಮೊದಲ ಮಳೆಗೆ ಮುರಕಲ್ಲಿನ ನೆಲದಡಿ ಮೂಡುವ ಗಟ್ಟಿ ಗುಂಡು ಅಣಬೆ. ಕೆಂಪು ಮಣ್ಣು ಉಜ್ಜಿ ತೊಳೆದು, ಒಳಗೆ ಬೆಳ್ಳಗಿರುವುದನ್ನು ಆರಿಸಿ ಸಾರು, ಸುಕ್ಕ ಮಾಡುತ್ತಾರೆ. ವಿಜ್ಞಾನದ ಲೆಕ್ಕದಲ್ಲಿ ಅದು ಟ್ರಫಲ್ ಅಲ್ಲ, ಆಸ್ಟ್ರೇಯಸ್ ಎಂಬ ಬೇರೆ ಕುಲ. ಆದರೆ ಬದುಕುವ ರೀತಿ ಒಂದೇ: ಅದೂ ಮರದ ಬೇರನ್ನು ಅಪ್ಪಿಕೊಂಡೇ ಬಾಳುತ್ತದೆ.

42. ಜಾರ್ಖಂಡದ ಸಾಲವೃಕ್ಷಗಳ ಕಾಡಿನಲ್ಲಿ ಆದಿವಾಸಿ ಹೆಂಗಸರು ಮಳೆಗಾಲದಲ್ಲಿ ಆಯುವ ‘ರುಗ್ಡಾ’ ಇದರದೇ ಸಂಬಂಧಿ. ಅಲ್ಲಿಯೂ ಕಾಡು ಉಳಿದ ಕಡೆ ಮಾತ್ರ ರುಗ್ಡಾ.

ನಾಳೆಯ ಚಿಂತೆ

43. ಕಪ್ಪು ಟ್ರಫಲ್ ಇಂದು ತೋಟದ ಬೆಳೆಯಾಗಿದೆ. ಸ್ಪೇನಿನ ತೆರುವೆಲ್ ಬೆಟ್ಟಸೀಮೆಯಲ್ಲಿ ಜನ ಬಿಟ್ಟುಹೋಗುತ್ತಿದ್ದ ಹಳ್ಳಿಗಳಿಗೆ ಅದು ಮತ್ತೆ ಜೀವ ತುಂಬಿದೆ. ಬಿಳಿ ಟ್ರಫಲ್ ಮಾತ್ರ ಬಹುಕಾಲ ಯಾರ ಕೈಗೂ ಬಗ್ಗಲಿಲ್ಲ. 2019ರಲ್ಲಿ ಫ್ರಾನ್ಸಿನ ತೋಟವೊಂದರಲ್ಲಿ 3, ಮರುವರ್ಷ 4 ಬಿಳಿ ಟ್ರಫಲ್‌ಗಳು ಸಿಕ್ಕಿದ್ದನ್ನು ಸಂಶೋಧಕರು 2021ರಲ್ಲಿ ಪ್ರಕಟಿಸಿದರು. ಇಷ್ಟು ಪ್ರಯತ್ನಕ್ಕೆ ಏಳೇ ಏಳು. ಆಲ್ಬಾದ ಸಂತೆಗೆ ಬರುವುದು ಇಂದಿಗೂ ಕಾಡಿನ ಕೊಡುಗೆ.

44. ಚಳಿಗಾಲದ ಟ್ರಫಲ್ ನಿರ್ಧಾರವಾಗುವುದು ಬೇಸಿಗೆಯಲ್ಲಿ. ಬೇಸಿಗೆಯ ಮಳೆ ಕೈಕೊಟ್ಟ ವರ್ಷ ಕಪ್ಪು ಟ್ರಫಲ್ ಫಸಲೂ ಕುಗ್ಗುತ್ತದೆ ಎಂದು 2012ರ ಅಧ್ಯಯನವೊಂದು ತೋರಿಸಿತು. ತಾಪಮಾನ ಹೀಗೇ ಏರುತ್ತಾ ಹೋದರೆ 2071–2100ರ ಹೊತ್ತಿಗೆ ಯುರೋಪಿನ ಕಪ್ಪು ಟ್ರಫಲ್ ಫಸಲು ಶೇ. 78ರಿಂದ 100ರಷ್ಟು ಕುಸಿಯಬಹುದು ಎಂದು 2019ರಲ್ಲಿ ವಿಜ್ಞಾನಿಗಳು ಎಚ್ಚರಿಸಿದರು.

45. ಕೊನೆಯದಾಗಿ, ಆ ಅಜ್ಜ ಗುಂಡಿ ಮುಚ್ಚಿದ್ದು ಏಕೆ? ಕಾನೂನು ಹೇಳುತ್ತದೆ ಎಂಬುದು ಒಂದು ಉತ್ತರ. 1985ರ ಕಟ್ಟಲೆಯಲ್ಲಿ ಅದು ಸ್ಪಷ್ಟವಾಗಿಯೇ ಇದೆ. ಆದರೆ ಕಾನೂನಿಗಿಂತ ಹಳೆಯ ಉತ್ತರವೊಂದಿದೆ. ತೆರೆದ ಗುಂಡಿಯಲ್ಲಿ ಎಳೆಬೇರು ಒಣಗುತ್ತದೆ, ಬೇರು ಸುತ್ತಿದ ನೂಲೆಳೆ ಸಾಯುತ್ತದೆ. ಮುಚ್ಚಿದರೆ ಅದೇ ಮರ, ಅದೇ ಜಾಗದಲ್ಲಿ ಮತ್ತೆ ಕೊಡುತ್ತದೆ. ಬರುವ ವರ್ಷ ಅವನಿಗೆ ಬೆಟ್ಟ ಹತ್ತಲು ಆಗದಿರಬಹುದು. ಆಗ ನಾಯಿಯ ಹಗ್ಗ ಹಿಡಿದು ಆ ಓಕ್ ಮರದಡಿ ನಿಲ್ಲುವವನು ಮೊಮ್ಮಗ. ಮುಂದಿನ ಮಳೆಗೆ ಕಲ್ಲಣಬೆ ಕೀಳಲು ಹೋಗುವ ನಮ್ಮ ಕರಾವಳಿಯ ಮಕ್ಕಳಿಗೂ ಇದೊಂದನ್ನು ಹೇಳಿ ಕಳಿಸೋಣ: ಅಗೆದ ಮಣ್ಣನ್ನು ಅಲ್ಲೇ ಮುಚ್ಚಿ ಬಾ.